ಬುದ್ಧಿಲಬ್ಧ: ಅಳತೆಗೋಲು ಯಾವ ಊರಿನದು?

ಹಾಸನ ಜಿಲ್ಲೆಯ ಪಡುವಣ ಅಂಚಿನಲ್ಲಿ ಮಲೆನಾಡಿನ ಮಳೆ ಸುರಿಯುತ್ತದೆ. ಬೇಲೂರು, ಹಳೇಬೀಡುಗಳನ್ನು ದಾಟಿ ಮೂಡಲಿಗೆ ಬಂದಂತೆಲ್ಲ ಅದು ಕ್ಷೀಣಿಸುತ್ತ ಹೋಗಿ, ಅರಸೀಕೆರೆ ತಲುಪುವ ವೇಳೆಗೆ ತೆಂಗು, ರಾಗಿ ಮತ್ತು ಕೊಳವೆಬಾವಿಗಳ ಬಯಲುಸೀಮೆ ಆರಂಭವಾಗಿರುತ್ತದೆ. ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದಾದ ಕಣಕಟ್ಟೆಯೂ ಈ ಸೀಮೆಗೇ ಸೇರಿದ್ದು. ಅಂತರ್ಜಲದಲ್ಲಿನ ಫ್ಲೋರೈಡ್ ಈ ತಾಲ್ಲೂಕಿನ ಹಳೆಯ ಪಿಡುಗು. ಅದು ಮೊದಲು ಕಣ್ಣಿಗೆ ಬೀಳುವುದು ಮಕ್ಕಳ ಹಲ್ಲಿನ ಮೇಲಿನ ಹಳದಿ, ಕಂದು ಪಟ್ಟೆಗಳ ರೂಪದಲ್ಲಿ; ಹೆಚ್ಚು ಕಾಲ ಕುಡಿದವರಲ್ಲಿ ಕೀಲುನೋವು, ಬಾಗಿದ ಬೆನ್ನುಗಳ ರೂಪದಲ್ಲಿ. ಕಣ್ಣಿಗೆ ಕಾಣದ ಇನ್ನೊಂದು ಹಾನಿಯ ಕುರಿತು ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಅದೇ ನೀರು ಬೆಳೆಯುವ ಮಗುವಿನ ಮಿದುಳನ್ನೂ ಬಾಧಿಸುತ್ತದೆಯೆ ಎಂಬುದು ಆ ಪ್ರಶ್ನೆ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಬೆನ್ನಟ್ಟಿದ ಅಧ್ಯಯನಗಳ ಪೈಕಿ ಮೂರು ಉಲ್ಲೇಖಾರ್ಹ. 2011ರಲ್ಲಿ ಪ್ರಕಟವಾದ ಬಾಗಲಕೋಟೆ ಜಿಲ್ಲೆಯ ಅಧ್ಯಯನದಲ್ಲಿ 160 ಶಾಲಾಮಕ್ಕಳನ್ನು ಪರೀಕ್ಷಿಸಲಾಯಿತು. ಹಲ್ಲಿನ ಫ್ಲೋರೋಸಿಸ್ ಇದ್ದ ಮಕ್ಕಳ ಸರಾಸರಿ ಬುದ್ಧಿಲಬ್ಧ, ಅಂದರೆ ಜನಬಳಕೆಯ ಮಾತಿನಲ್ಲಿ ಐಕ್ಯೂ, ಸುಮಾರು 67; ಇಲ್ಲದವರದು ಸುಮಾರು 76. ಅದೇ ವರ್ಷ ಬಂದ ದಾವಣಗೆರೆ ಜಿಲ್ಲೆಯ ಅಧ್ಯಯನ ಎರಡು ಹಳ್ಳಿಗಳನ್ನು ಹೋಲಿಸಿತು. ಒಂದರ ನೀರಿನಲ್ಲಿ ಲೀಟರಿಗೆ 2.45 ಮಿಲಿಗ್ರಾಂ ಫ್ಲೋರೈಡ್, ಇನ್ನೊಂದರಲ್ಲಿ 0.29. ಸರಾಸರಿ ಅಂಕಗಳು ಕ್ರಮವಾಗಿ 86 ಮತ್ತು 89. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಗಣನೀಯ ವ್ಯತ್ಯಾಸವಲ್ಲ. 2015ರಲ್ಲಿ ಪ್ರಕಟವಾದ ಮೈಸೂರು ಜಿಲ್ಲೆಯ ಅಧ್ಯಯನ 10ರಿಂದ 12 ವರ್ಷದ 405 ಮಕ್ಕಳನ್ನು ಒಳಗೊಂಡಿತ್ತು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದ್ದ ಹಳ್ಳಿಯ ಮಕ್ಕಳ ಸರಾಸರಿ, ಕಡಿಮೆ ಫ್ಲೋರೈಡಿನ ಹಳ್ಳಿಗಳ ಮಕ್ಕಳಿಗಿಂತ ಆರು ಅಂಕಗಳಷ್ಟಾದರೂ ಕೆಳಗಿತ್ತು.

ಫ್ಲೋರೈಡಿನ ಮಾತು ಸದ್ಯ ಬದಿಗಿರಲಿ. ಓದುಗರ ಕಣ್ಣು ತಡೆಯಬೇಕಾದ ಅಂಕಿ ಬಾಗಲಕೋಟೆಯ ಆ 76. ಅದು ಹಲ್ಲಿನಲ್ಲಿ ಯಾವ ಕಲೆಯೂ ಇಲ್ಲದ, ದಿನವೂ ಶಾಲೆಗೆ ಹೋಗುವ ಮಕ್ಕಳ ಸರಾಸರಿ. ಬುದ್ಧಿಲಬ್ಧದ ಲೆಕ್ಕದಲ್ಲಿ ಸಾಮಾನ್ಯ ಮಗುವಿನ ಸ್ಥಾನ 100. 70ಕ್ಕಿಂತ ಕೆಳಗಿನದು ಬೌದ್ಧಿಕ ನ್ಯೂನತೆಯ ವಲಯ. ಆ ಗುಂಪಿನ ಅಂಕಗಳ ಹರಹನ್ನು ಗಮನಿಸಿದರೆ, ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ನ್ಯೂನತೆಯ ವಲಯಕ್ಕೆ ಬೀಳಬೇಕಾಗುತ್ತದೆ. ಯಾವ ಹಳ್ಳಿಯ ಯಾವ ಶಿಕ್ಷಕರೂ ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಮಕ್ಕಳನ್ನು ಶಂಕಿಸುವ ಮೊದಲು ಅವರನ್ನು ಅಳೆದ ಕೋಲನ್ನು ಪರಿಶೀಲಿಸುವುದು ಯುಕ್ತ.

ಪ್ಯಾರಿಸ್‌ನಿಂದ ಧಾರವಾಡಕ್ಕೆ

ಬುದ್ಧಿಮಾಪನದ ಮೂಲ ಫ್ರಾನ್ಸ್. ಶಾಲೆಯಲ್ಲಿ ಹಿಂದುಳಿಯುವ, ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವ ಸಲುವಾಗಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಮೊದಲ ಪ್ರಶ್ನಮಾಲೆಯನ್ನು ಸಿದ್ಧಪಡಿಸಿದರು. ಮಗುವಿನ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಸೂಚಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ನೂರರಿಂದ ಗುಣಿಸಿ, ಇಂದು ಎಲ್ಲರ ಬಾಯಲ್ಲಿರುವ ಅಂಕಿಯ ರೂಪ ಕೊಟ್ಟರು. ನೆರವು ಬೇಕಾದವರನ್ನು ಹುಡುಕಲು ಹುಟ್ಟಿದ ಸಾಧನ ಜನಾಂಗಗಳನ್ನು ಮೇಲುಕೀಳೆಂದು ವಿಂಗಡಿಸಲು ಬಳಕೆಯಾದದ್ದು ಟರ್ಮನ್ ಕಾಲದಲ್ಲಿಯೇ. ಬುದ್ಧಿ ಬದಲಾಗದ ಸ್ಥಿರ ಪರಿಮಾಣವೆಂಬ ಭಾವನೆಯನ್ನು ಬಿನೆ ತಮ್ಮ ಜೀವಿತಕಾಲದಲ್ಲಿಯೇ ವಿರೋಧಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಕನ್ನಡನಾಡಿಗೆ ಈ ವಿದ್ಯೆ ತಡವಾಗಿ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ, 'ಸಾಮಾನ್ಯ ಬುದ್ಧಿಶಕ್ತಿ'ಯ ಸಿದ್ಧಾಂತವನ್ನು ಮಂಡಿಸಿದ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಲಂಡನ್ನಿನಲ್ಲಿ ಅಧ್ಯಯನ ಮಾಡಿ ಬಂದವರು. (1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರೂ ಇದೇ ಗೋಪಾಲಸ್ವಾಮಿಯವರು.) ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಸ್ಟ್ಯಾನ್‌ಫರ್ಡ್ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸುವ ಕಾರ್ಯವನ್ನು 1930ರ ದಶಕದಲ್ಲಿ ಕೈಗೊಂಡರು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರಿಸಬಲ್ಲದು ಎಂಬುದನ್ನು ಹೊಸದಾಗಿ ನಿರ್ಧರಿಸಿದರು. 1940ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ದೇಶದ ಅನೇಕ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅನಂತರ ನಾಗಪುರದ ಎ.ಜೆ. ಮಾಲಿನ್ ಅವರು 1969ರಲ್ಲಿ ಮತ್ತೊಂದು ಅಮೆರಿಕನ್ ಪರೀಕ್ಷೆಯನ್ನು ಭಾರತೀಯ ಮಕ್ಕಳಿಗೆ ಹೊಂದಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಜೆ. ಭರತ್‌ರಾಜ್ 1971ರಲ್ಲಿ ಸೆಗಾಂ ಹಲಗೆಗೆ ಭಾರತೀಯ ಮಾನಕಗಳನ್ನು ಸಿದ್ಧಪಡಿಸಿದರು. ಹತ್ತು ಆಕಾರದ ಮರದ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸಲು ಮಗುವಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ಅಲ್ಲಿನ ಅಳತೆ.

ಇವರೆಲ್ಲರ ಶ್ರಮದ ಹಿಂದಿದ್ದ ತಿಳಿವಳಿಕೆ ಒಂದೇ. ಬುದ್ಧಿಲಬ್ಧವೆಂಬುದು ತಕ್ಕಡಿಯಲ್ಲಿ ತೂಗಿ ಬಂದ ತೂಕದಂಥದ್ದಲ್ಲ. ಅದು ಸರತಿಯ ಸಾಲಿನಲ್ಲಿ ಸಿಕ್ಕ ಜಾಗ. ಯಾವ ಮಕ್ಕಳ ಸಾಲಿನಲ್ಲಿ ನಿಲ್ಲಿಸಲಾಗಿದೆ ಎಂಬುದರ ಮೇಲೆ ಆ ಜಾಗ ನಿರ್ಧಾರವಾಗುತ್ತದೆ. ಬಾಗಲಕೋಟೆಯ ಮಕ್ಕಳಿಗೆ ಕೊಟ್ಟದ್ದು ಬ್ರಿಟನ್ನಿನ ಜಾನ್ ರೇವನ್ ರೂಪಿಸಿದ ಚಿತ್ರವಿನ್ಯಾಸದ ಪರೀಕ್ಷೆ.

ಕಾಲ ಬದಲಾದರೆ ಅಂಕವೂ ಬದಲು

ರೇವನ್ ಪರೀಕ್ಷೆಯಲ್ಲಿ ಮಾತಿಲ್ಲ, ಅಕ್ಷರವಿಲ್ಲ. ಒಂದು ವಿನ್ಯಾಸದಲ್ಲಿ ತುಂಡೊಂದು ಕಾಣೆಯಾಗಿರುತ್ತದೆ. ಕೆಳಗೆ ಕೊಟ್ಟ ತುಂಡುಗಳಲ್ಲಿ ಸರಿಯಾದುದನ್ನು ಆರಿಸಬೇಕು. ಭಾಷೆ, ಸಂಸ್ಕೃತಿಗಳ ಹಂಗಿಲ್ಲದ ಅಳತೆಯೆಂದು ಇದನ್ನು ಬಹುಕಾಲ ನಂಬಲಾಗಿತ್ತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜೇಮ್ಸ್ ಫ್ಲಿನ್ ಆ ನಂಬಿಕೆಯನ್ನು ಅಲುಗಾಡಿಸಿದರು. ಅಮೆರಿಕದಲ್ಲಿ ಬುದ್ಧಿಪರೀಕ್ಷೆಯ ಅಂಕಗಳು ದಶಕಕ್ಕೆ ಸುಮಾರು ಮೂರರಂತೆ ಏರುತ್ತ ಬಂದಿವೆಯೆಂದು 1984ರಲ್ಲಿ ತೋರಿಸಿದ ಅವರು, 1987ರಲ್ಲಿ 14 ದೇಶಗಳ ಅಂಕಿಅಂಶಗಳನ್ನು ಮುಂದಿಟ್ಟರು. ನೆದರ್ಲೆಂಡ್ಸ್‌ನ ಸೇನೆಗೆ ಸೇರಲು ಬಂದ ಯುವಕರ ಅಂಕಗಳು 1952ರಿಂದ 1982ರ ಅವಧಿಯಲ್ಲಿ ಸುಮಾರು 20ರಷ್ಟು ಏರಿದ್ದವು. ಅದು ರೇವನ್ ಮಾದರಿಯ ಪರೀಕ್ಷೆಯೇ ಆಗಿತ್ತು. ಸಂಸ್ಕೃತಿಯ ಹಂಗಿಲ್ಲವೆಂದು ಹೇಳಲಾಗುತ್ತಿದ್ದ ಪರೀಕ್ಷೆಗಳಲ್ಲಿಯೇ ಏರಿಕೆ ಅತಿ ಹೆಚ್ಚು. ಮೂವತ್ತು ವರ್ಷಗಳಲ್ಲಿ ಒಂದು ಜನಾಂಗದ ಮಿದುಳು ಬದಲಾಗದು, ವಂಶವಾಹಿಗಳಂತೂ ಬದಲಾಗವು. ಬದಲಾದದ್ದು ಶಾಲೆ, ಆಹಾರ, ಮನೆಯ ಗಾತ್ರ, ಮಾಡುವ ಕೆಲಸ.

ಏರಿಕೆ ಶ್ರೀಮಂತ ದೇಶಗಳಿಗಷ್ಟೇ ಸೀಮಿತವಲ್ಲ. ಕೀನ್ಯಾದ ಎಂಬು ಎಂಬ ಗ್ರಾಮೀಣ ಪ್ರದೇಶದಲ್ಲಿ 1984 ಮತ್ತು 1998ರಲ್ಲಿ ಪರೀಕ್ಷಿಸಿದ ಮಕ್ಕಳ ನಡುವೆ ಭಾರಿ ಅಂತರ ಕಂಡುಬಂತು. ತಂದೆತಾಯಿಯರ ಅಕ್ಷರಜ್ಞಾನ, ಚಿಕ್ಕದಾದ ಕುಟುಂಬ, ಉತ್ತಮಗೊಂಡ ಪೋಷಣೆ ಇದಕ್ಕೆ ಕಾರಣವೆಂದು ಸಂಶೋಧಕರು ಸೂಚಿಸಿದರು. ಆರು ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶವನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರ ಪ್ರಕಾರ ಹೆಚ್ಚುವರಿಯಾಗಿ ಕಲಿತ ಪ್ರತಿ ಶಾಲಾವರ್ಷವೂ ಒಂದರಿಂದ ಐದು ಅಂಕಗಳನ್ನು ಕೂಡಿಸುತ್ತದೆ. ಇಳಿಕೆಯೂ ಉಂಟು: ನಾರ್ವೆಯಲ್ಲಿ 1975ರ ಆಸುಪಾಸಿನ ನಂತರ ಹುಟ್ಟಿದವರ ಅಂಕಗಳು ಕುಸಿಯತೊಡಗಿದವು. ಒಂದೇ ತಾಯಿಯ ಮಕ್ಕಳಲ್ಲಿಯೂ, ಅಣ್ಣನಿಗಿಂತ ತಮ್ಮನಲ್ಲಿ, ಈ ಇಳಿಕೆ ಕಂಡುಬಂದುದರಿಂದ ವಂಶಗುಣದ ವಾದ ಅಲ್ಲಿ ನಿಲ್ಲಲಿಲ್ಲ.

ಧಾರವಾಡದ ಅಳತೆಗೋಲಿಗೂ ಇದು ಅನ್ವಯಿಸುವ ಮಾತು. ಇಂದಿನ ಮಗುವನ್ನು ಬಿನೆ–ಕಾಮತ್ ಪರೀಕ್ಷೆಯ ಮೂಲ ಮಾನಕಗಳಿಂದ ಅಳೆದರೆ, ಸುಮಾರು ತೊಂಬತ್ತು ವರ್ಷ ಹಿಂದಿನ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ. ಅಂಕ ನಿಜಕ್ಕಿಂತ ಹೆಚ್ಚಾಗಿ ಬರುವ ಸಾಧ್ಯತೆ ಅಲ್ಲಿದೆ. ನೆರವಿಗೆ ಅರ್ಹವಾದ ಮಗು ಅದರಿಂದ ವಂಚಿತವಾಗಬಹುದು. ಪರದೇಶದ ಮಾನಕಗಳಲ್ಲಿ ಅಪಾಯ ಇದಕ್ಕೆ ವಿರುದ್ಧವಾದುದು. ಏನೂ ಕುಂದಿಲ್ಲದ ಹಳ್ಳಿಯ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಬೀಳಬಹುದು.

ಇದು ಕೇವಲ ವಿದ್ವಾಂಸರ ಜಿಜ್ಞಾಸೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯೇ ಮೊದಲಾದ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಬೌದ್ಧಿಕ ನ್ಯೂನತೆಯನ್ನು ವ್ಯಾಖ್ಯಾನಿಸುವಾಗ ಕಾಯ್ದೆ, ಯೋಚಿಸುವ ಮತ್ತು ಕಲಿಯುವ ಶಕ್ತಿಯ ಜತೆಗೆ ದಿನನಿತ್ಯದ ಬದುಕಿನ ಕೌಶಲಗಳನ್ನೂ ನೋಡಬೇಕೆಂದು ಹೇಳುತ್ತದೆ. ತಾನಾಗಿ ಉಣ್ಣುವುದು, ಬಟ್ಟೆ ತೊಡುವುದು, ಅಂಗಡಿಗೆ ಹೋಗಿ ಹೇಳಿದ ಸಾಮಾನು ತರುವುದು ಇತ್ಯಾದಿಗಳನ್ನು ತಾಯಿಯಿಂದ ಕೇಳಿ ತಿಳಿಯುವ ಸಾಮಾಜಿಕ ಪಕ್ವತೆಯ ಮಾಪಕವನ್ನು ಮನಶ್ಶಾಸ್ತ್ರಜ್ಞರು ಬಳಸುವುದು ಈ ಕಾರಣದಿಂದಲೇ.

ಒಂದು, ಎರಡು, ಮೂರು

ಭಾಷೆ ಅಳತೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಸರಳ ನಿದರ್ಶನವೊಂದಿದೆ. ಪರೀಕ್ಷಕರು ಕೆಲವು ಅಂಕೆಗಳನ್ನು ಓದಿ ಹೇಳುತ್ತಾರೆ, ಮಗು ಅದೇ ಕ್ರಮದಲ್ಲಿ ಮರಳಿ ಒಪ್ಪಿಸಬೇಕು. ಬುದ್ಧಿಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಇರುವ ಪ್ರಶ್ನೆಯಿದು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ 'ಸೆವೆನ್' ಒಂದನ್ನುಳಿದು ಬೇರೆಲ್ಲವೂ ಒಂದೇ ಉಸಿರಿನ ಏಕಾಕ್ಷರ ಶಬ್ದಗಳು. ಕನ್ನಡದಲ್ಲಿ ಅಂಥದ್ದು ಒಂದೂ ಇಲ್ಲ. ಎಲ್ಲವೂ ಎರಡಕ್ಷರದವು, ಎರಡು ಮತ್ತು ಒಂಬತ್ತಕ್ಕೆ ಮೂರು. ಮನಸ್ಸು ಕೇಳಿದ ಶಬ್ದಗಳನ್ನು ಒಳಗೊಳಗೇ ಉಚ್ಚರಿಸಿ ಹಿಡಿದಿಡುವುದರಿಂದ, ಉಚ್ಚರಿಸಲು ಹೆಚ್ಚು ಹೊತ್ತು ಬೇಕಾದ ಭಾಷೆಯಲ್ಲಿ ನೆನಪಿನಲ್ಲುಳಿಯುವ ಅಂಕೆಗಳು ಕಡಿಮೆ. ಬ್ರಿಟನ್ನಿನ ವೆಲ್ಷ್ ಭಾಷಿಕರನ್ನು ಕುರಿತ 1980ರ ಅಧ್ಯಯನ ಇದನ್ನು ಸ್ಪಷ್ಟಪಡಿಸಿತ್ತು. ಅವರ ಭಾಷೆಯಲ್ಲಿ ಅಂಕೆಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ಅದೇ ಕಾರಣದಿಂದ ಆ ಮಕ್ಕಳ ಅಂಕಗಳೂ ಕಡಿಮೆ ಬರುತ್ತಿದ್ದವು.

ಬೆಳವಣಿಗೆಯ ಹಾದಿಯೂ ಎಲ್ಲೆಡೆ ಒಂದೇ ಅಲ್ಲ. ಪದವೊಂದನ್ನು ಒಡೆದು ಒಂಟಿ ಧ್ವನಿಗಳನ್ನು ಗುರುತಿಸುವ ಶಕ್ತಿ ಆರಂಭದ ಓದಿಗೆ ಅಡಿಗಲ್ಲೆಂದು ಪಾಶ್ಚಾತ್ಯ ಸಂಶೋಧನೆ ಹೇಳುತ್ತದೆ; ಅದರಲ್ಲಿ ತಡವಾದ ಮಗುವಿನ ಬಗ್ಗೆ ಅಲ್ಲಿ ಆತಂಕ ಪಡಲಾಗುತ್ತದೆ. ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನ ಬೇರೆಯೇ ಚಿತ್ರವನ್ನು ಕೊಡುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಿರುವ ಕನ್ನಡ ಲಿಪಿಯನ್ನು ಕರಗತ ಮಾಡಿಕೊಳ್ಳಲು ಮಗು ನಾಲ್ಕನೆಯ ತರಗತಿಯವರೆಗೂ ಕಲಿಯುತ್ತಲೇ ಇರುತ್ತದೆ. ಒಂಟಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆ, ಅಕ್ಷರದ ಅರಿವು ಬೇಗ. ಕನ್ನಡದ ಬರವಣಿಗೆಯಲ್ಲಿ 'ಕಿ' ಎಂಬುದು ಒಂದೇ ಅಕ್ಷರ. ಅದನ್ನು 'ಕ್' ಮತ್ತು 'ಇ' ಎಂದು ಸೀಳುವ ಅಗತ್ಯ ಮಗುವಿಗೆ ಬೀಳುವುದೇ ಇಲ್ಲ. ಇಂಗ್ಲಿಷ್ ಮಗುವಿನ ಸಮಯಪಟ್ಟಿಯಿಂದ ಅಳೆದರೆ ಕನ್ನಡ ಮಗು 'ತಡ'ವಾಗಿ ಕಾಣುವುದು ಹೀಗೆ.

ರಷ್ಯಾದ ಅಲೆಕ್ಸಾಂಡರ್ ಲೂರಿಯಾ 1931–32ರಲ್ಲಿ ಉಜ್ಬೆಕಿಸ್ತಾನದ ಅನಕ್ಷರಸ್ಥ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಗಳ ಚಿತ್ರ ತೋರಿಸಿ, ಗುಂಪಿಗೆ ಸೇರದ್ದು ಯಾವುದೆಂದು ಕೇಳಿದರು. 'ದಿಮ್ಮಿ' ಎಂಬುದು ಶಾಲೆಯ ಉತ್ತರ, ಏಕೆಂದರೆ ಉಳಿದವು ಉಪಕರಣಗಳು. ರೈತರು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದ ಮೇಲೆ ಗರಗಸ, ಕೊಡಲಿಗಳಿಂದ ಏನು ಪ್ರಯೋಜನ ಎಂಬುದು ಅವರ ತರ್ಕ. ತೆಂಗಿನ ತೋಟದ ಒಕ್ಕಲಿಗನೊಬ್ಬನೂ ಹಾಗೆಯೇ ಕೇಳಿಯಾನು. ಅವನ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. ಕೆಲವೇ ತಿಂಗಳು ಶಾಲೆಗೆ ಹೋದವರು ಮಾತ್ರ ಪರೀಕ್ಷಕರು ಬಯಸಿದ ಉತ್ತರವನ್ನು ಕೊಟ್ಟರು.

ದಿಕ್ಕಿನ ವಿಷಯದಲ್ಲಿ ಲಾಭ ಹಳ್ಳಿಯ ಕಡೆಗಿದೆ. ಮೂಡಲ ಮನೆ, ಪಡುವಲ ಹೊಲ, ತೆಂಕಲ ಬಾಗಿಲು ಎಂದು ದಿಕ್ಕುಗಳಲ್ಲೇ ಮಾತಾಡುವ ಕಡೆ ಮಕ್ಕಳ ನೆನಪೂ ಹಾಗೆಯೇ ರೂಪುಗೊಳ್ಳುತ್ತದೆ. ಪಿಯರ್ ದಾಸೆನ್ ಮತ್ತು ವಾರಾಣಸಿಯ ಆರ್.ಸಿ. ಮಿಶ್ರ ಅವರು ಭಾರತ, ನೇಪಾಳ, ಬಾಲಿಗಳಲ್ಲಿ ನಡೆಸಿದ ಅಧ್ಯಯನಗಳು ಇದನ್ನು ತೋರಿಸಿವೆ. ಮೇಜಿನ ಮೇಲಿಟ್ಟ ವಸ್ತುಗಳನ್ನು ಆ ಮಕ್ಕಳು ಎಡ–ಬಲವೆಂದು ನೆನಪಿಟ್ಟುಕೊಳ್ಳದೆ ದಿಕ್ಕಿನ ಪ್ರಕಾರ ನೆನಪಿಟ್ಟು, ಮೈ ತಿರುಗಿಸಿ ಕೂರಿಸಿದರೂ ತಪ್ಪದೆ ಜೋಡಿಸಿದರು. ನಗರದ ಶಾಲೆಯಲ್ಲಿ ಇದಕ್ಕೆ ಅಂಕವಿಲ್ಲ.

ಲೆಕ್ಕದ ಜಾಣ್ಮೆಯೂ ಇಂಥದ್ದೇ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರ ಗಣಿತ'ವನ್ನು ಬರೆದ ನಾಡಿದು. ಕೂಲಿಮಠಗಳ ಕಾಲದಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಮಕ್ಕಳು ಬಾಯಿಪಾಠ ಮಾಡಿ ಸಂತೆಯ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದರು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೊ ಮತ್ತಿತರರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ಹೊಸ ಬೆಳಕು ಚೆಲ್ಲಿದೆ. ತರಕಾರಿ ತೂಗಿ, ದರ ಗುಣಿಸಿ, ಚಿಲ್ಲರೆ ಎಣಿಸುವುದನ್ನು ಮನಸ್ಸಿನಲ್ಲೇ ಮಾಡುವ ಈ ಮಕ್ಕಳು, ಅದಕ್ಕಿಂತ ಸುಲಭವಾದ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. ಶಾಲೆಯ ಮಕ್ಕಳ ಸ್ಥಿತಿ ತಿರುವುಮುರುವು. ಕಾಗದದ ಲೆಕ್ಕ ಬಲ್ಲ ಅವರು ಅಂಗಡಿಯ ಲೆಕ್ಕಕ್ಕೆ ಸೋತರು.

ಪರೀಕ್ಷೆಯ ಕೋಣೆಯೊಳಗಿನ ವಾತಾವರಣವೂ ಅಂಕವನ್ನು ಬದಲಿಸುತ್ತದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಶಾಲಾ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಪ್ರಸ್ತಾಪವಿಲ್ಲದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಸರಿಸಮಾನರು. ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಜಾತಿಯನ್ನು ಎಲ್ಲರೆದುರು ಓದಿ ಹೇಳಿದ ಬಳಿಕ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ, ಜಾತಿಗೂ ಬುದ್ಧಿಗೂ ಹುಟ್ಟಿನ ನಂಟು ಹಚ್ಚುವವರು ಮೊದಲು ಓದಬೇಕಾದದ್ದು. ಇಡೀ ದೇಶಕ್ಕೇ ಒಂದು ಸರಾಸರಿ ಬುದ್ಧಿಲಬ್ಧವನ್ನು ಹಚ್ಚಿ ಪಟ್ಟಿ ಮಾಡುವ ರೂಢಿಯೂ ಇದೇ ದೋಷದಿಂದ ಕೂಡಿದೆ.

ಅದೇ ಕೋಲು, ಅಕ್ಕಪಕ್ಕದ ಮಕ್ಕಳು

ಹೀಗಿದ್ದ ಮೇಲೆ ಬುದ್ಧಿಪರೀಕ್ಷೆಯೇ ವ್ಯರ್ಥವೆ? ಹಾಗೆ ತೀರ್ಮಾನಿಸುವುದು ಆತುರವಾದೀತು. ಗಜ ಕೋಲಿನ ಉದ್ದವೇ ತಪ್ಪಿದ್ದರೂ, ಅದೇ ಕೋಲಿನಿಂದ ಎರಡು ಬಟ್ಟೆಗಳನ್ನು ಅಳೆದರೆ ಯಾವುದು ಉದ್ದವೆಂದು ತಿಳಿಯುತ್ತದೆ. ಒಂದೇ ಭಾಷೆಯ, ಒಂದೇ ಬಗೆಯ ಶಾಲೆಯ, ಹೆಚ್ಚುಕಡಿಮೆ ಒಂದೇ ಸ್ಥಿತಿಯ ಮಕ್ಕಳಲ್ಲಿ ಕಂಡುಬರುವ ಅಂತರಕ್ಕೆ ಅರ್ಥವಿದೆ.

ಇದಕ್ಕೆ ಉತ್ತಮ ಉದಾಹರಣೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಆರಂಭವಾದ ದೀರ್ಘಕಾಲೀನ ಅಧ್ಯಯನ. ಗರ್ಭಾವಸ್ಥೆಯಲ್ಲಿ ತಾಯಂದಿರ ರಕ್ತದಲ್ಲಿದ್ದ ಪೋಷಕಾಂಶಗಳನ್ನು ದಾಖಲಿಸಿ, ಮಕ್ಕಳು 9–10 ವರ್ಷದವರಾದಾಗ ಅವರ ನೆನಪು, ತರ್ಕ, ಭಾಷಾಸಾಮರ್ಥ್ಯಗಳನ್ನು ಪರೀಕ್ಷಿಸಲಾಯಿತು. ಎಸ್.ಆರ್. ವೀಣಾ ಮತ್ತು ಸಹೋದ್ಯೋಗಿಗಳು 2010ರಲ್ಲಿ ವರದಿ ಮಾಡಿದಂತೆ, ಫೋಲೇಟ್ ಅಂಶ ಹೆಚ್ಚಿದ್ದ ತಾಯಂದಿರ ಮಕ್ಕಳು ಉತ್ತಮ ಅಂಕ ಪಡೆದರು. ಫೋಲೇಟ್ ದೊರೆಯುವುದು ಸೊಪ್ಪು, ಕಾಳುಗಳಿಂದ. ಒಂದೇ ಊರಿನ ಮಕ್ಕಳನ್ನು ಒಂದೇ ಪರೀಕ್ಷೆಯಿಂದ ಅಳೆದು ಪರಸ್ಪರ ಹೋಲಿಸಿದ್ದರಿಂದ ಇಲ್ಲಿ ಪರದೇಶದ 100ರ ಗೊಡವೆಯೇ ಇರಲಿಲ್ಲ.

ಬಾಗಲಕೋಟೆಯ ಅಧ್ಯಯನವನ್ನೂ ಹೀಗೆಯೇ ಓದಬೇಕು. 67 ಮತ್ತು 76 ಎಂಬ ಅಂಕಿಗಳು ಆ ಮಕ್ಕಳ ಬುದ್ಧಿಯನ್ನು ಹೇಳುವುದಿಲ್ಲ. ಅವುಗಳ ನಡುವಿನ ಅಂತರ ಪ್ರಶ್ನೆಯನ್ನೆತ್ತುತ್ತದೆ. ಇಲ್ಲಿಯೂ ಎಚ್ಚರಿಕೆ ಬೇಕು. ಕೆಟ್ಟ ನೀರಿನ ಹಳ್ಳಿ ಎಷ್ಟೋ ವೇಳೆ ಬಡ ಹಳ್ಳಿಯೂ ಹೌದು. ತಂದೆತಾಯಿಯರ ಓದು, ಆದಾಯ, ಶಾಲೆಯ ಗುಣಮಟ್ಟಗಳನ್ನು ಸಮನಾಗಿಸದ ಹೋಲಿಕೆಯಲ್ಲಿ ಫ್ಲೋರೈಡಿನ ಪಾತ್ರವೆಷ್ಟೆಂದು ಬಿಡಿಸಿ ಹೇಳಲಾಗದು. ದಾವಣಗೆರೆಯ ಫಲಿತಾಂಶ ಈ ಎಚ್ಚರಿಕೆಯನ್ನು ಬಲಪಡಿಸುತ್ತದೆ.

ಆದರೂ ಜಗತ್ತಿನ ನಾನಾ ಕಡೆಯ, ಅದರಲ್ಲೂ ಚೀನಾದ, ಅಧ್ಯಯನಗಳು ಬಹುತೇಕ ಒಂದೇ ದಿಕ್ಕಿಗೆ ಬೆರಳು ತೋರಿವೆ. ಅವನ್ನೆಲ್ಲ ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಆಗಸ್ಟ್ 2024ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕುಡಿಯುವ ನೀರಿಗೂ ಮಕ್ಕಳ ಕಡಿಮೆ ಬುದ್ಧಿಲಬ್ಧಕ್ಕೂ ಸಂಬಂಧವಿದೆಯೆಂದು 'ಸಾಧಾರಣ ವಿಶ್ವಾಸ'ದಿಂದ ಹೇಳಬಹುದು ಎಂಬುದು ಅದರ ಸಾರ. ಅದಕ್ಕಿಂತ ಕೆಳಗಿನ ಮಟ್ಟದ ಬಗ್ಗೆ ಅದು ತೀರ್ಮಾನ ಕೊಟ್ಟಿಲ್ಲ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿರುವ ಮಿತಿ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ವಿನಾಯಿತಿ.

ಹಾಗಾಗಿ ಅರಸೀಕೆರೆಯಂಥ ತಾಲ್ಲೂಕಿನಲ್ಲಿ ತರಗತಿಯ ಕೊನೆಯ ಬೆಂಚಿನ ಮಗುವಿನ ಕಡಿಮೆ ಅಂಕಕ್ಕೆ ಕನಿಷ್ಠ ನಾಲ್ಕು ವಿವರಣೆಗಳಿರಬಹುದು: ಬೇರೆಯವರಿಗಾಗಿ ಮಾಡಿದ ಪರೀಕ್ಷೆ, ತಾಯಿಯ ಪೋಷಣೆ, ಶಾಲೆ ತಪ್ಪಿದ ವರ್ಷಗಳು, ಕೊಳವೆಬಾವಿಯ ನೀರು. ಹುಟ್ಟಿನಿಂದಲೇ ಬಂದ ನ್ಯೂನತೆ ಐದನೆಯದು. ಅಂಕವೊಂದೇ ಇವುಗಳನ್ನು ಬೇರ್ಪಡಿಸಿ ತೋರಿಸದು. ಹಲ್ಲಿನ ಕಲೆ ಒಂದು ಸುಳಿವು. ಅದು ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವ ಅವಧಿಯಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಕುಡಿದ ನೀರಿನ ದಾಖಲೆ. ಬೆಳೆದ ಮೇಲೆ ಒಳ್ಳೆಯ ನೀರು ಕೊಟ್ಟರೂ ಆ ಕಲೆ ಅಳಿಯದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಪರೀಕ್ಷಿಸದೆ ಅದರ ಪ್ರಮಾಣ ತಿಳಿಯದು. ಕುದಿಸಿ ಆರಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಸಕ್ರಿಯ ಅಲ್ಯುಮಿನಾ ಅಥವಾ ರಿವರ್ಸ್ ಆಸ್ಮೋಸಿಸ್ ವಿಧಾನದ ಶುದ್ಧೀಕರಣ ಘಟಕಗಳು ಅದನ್ನು ತೆಗೆಯಬಲ್ಲವು. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.